ದಾಸೋಹಕ್ಕೆ ಮೊದಲು ಒಡೆತನ: ಹೊಲದ ಹೆಣ್ಣುದುಡಿಮೆ ಮತ್ತು ಕಾಯಕದ ಪ್ರಶ್ನೆ

ಹನ್ನೆರಡನೆಯ ಶತಮಾನದ ಶರಣರು ಮೈಮುರಿದು ದುಡಿಯುವುದನ್ನು ಪೂಜೆಯ ಎತ್ತರಕ್ಕೆ ಏರಿಸಿದರು. ನೂಲುವುದು, ಭತ್ತ ಕುಟ್ಟುವುದು, ಹಗ್ಗ ಹೊಸೆಯುವುದು, ಅಕ್ಕಿ ಆಯುವುದು ಎಲ್ಲವೂ ಕಾಯಕವಾದವು. ಆದರೆ ಶರಣರ ಪ್ರಕಾರ ಕಾಯಕ ತಾನೊಂದೇ ನಿಲ್ಲುವುದಿಲ್ಲ. ದುಡಿಮೆಯಿಂದ ಬಂದದ್ದರಲ್ಲಿ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಸಮಾಜಕ್ಕೆ ಸಲ್ಲಿಸಿದಾಗ, ಅಂದರೆ ದಾಸೋಹ ನಡೆದಾಗ, ಅದು ಪೂರ್ಣವಾಗುತ್ತದೆ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದುಡಿದು ತಂದದ್ದರ ಮೇಲೆ ಅಧಿಕಾರವೇ ಇಲ್ಲದವಳು ದಾಸೋಹ ಮಾಡುವುದು ಹೇಗೆ? ದಾಸೋಹ ಅವಳ ಕೈಯಲ್ಲಿಲ್ಲದಿದ್ದರೆ ಅವಳ ದುಡಿಮೆಯನ್ನು ಕಾಯಕ ಎಂದು ಕರೆಯಬಹುದೆ? ಗ್ರಾಮೀಣ ಮಹಿಳೆಯರ ಸಬಲೀಕರಣವನ್ನು ಸಾಮಾನ್ಯವಾಗಿ ಸರ್ಕಾರದ ಯೋಜನೆ ಎಂದು ನೋಡಲಾಗುತ್ತದೆ. ಅದರ ಬೇರು ಇರುವುದು ಈ ಧಾರ್ಮಿಕ ಪ್ರಶ್ನೆಯಲ್ಲಿ.

ಈ ಪ್ರಶ್ನೆಯನ್ನು ಇಟ್ಟು ನೋಡಲು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ತಕ್ಕ ನೆಲ. 1953ರವರೆಗೆ ಮದರಾಸಿನ ಬಳ್ಳಾರಿ ಜಿಲ್ಲೆಗೆ ಸೇರಿದ್ದ ಈ ಸೀಮೆ ಆ ವರ್ಷದ ಅಕ್ಟೋಬರ್ 1ರಂದು ಮೈಸೂರಿಗೆ ಬಂತು. ಹರಪನಹಳ್ಳಿ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಮತ್ತೆ ಬಳ್ಳಾರಿಗೆ ಮರಳಿತು. 2021ರಿಂದ ಐದೂ ವಿಜಯನಗರ ಜಿಲ್ಲೆಯಲ್ಲಿವೆ. ಇಲ್ಲಿನ ದೇವರುಗಳಿಗೂ ಮಳೆಬೆಳೆಗೂ ನಂಟು ಗಟ್ಟಿ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕವನ್ನು ರೈತರು ವರ್ಷದ ಮಳೆ, ಬೆಳೆಯ ಭವಿಷ್ಯ ಎಂದು ಕೇಳುತ್ತಾರೆ. ಕೊಟ್ಟೂರಿನ ಗುರುಬಸವೇಶ್ವರ ಶರಣ ಪರಂಪರೆಯ ದೊಡ್ಡ ಹೆಸರು, ಹತ್ತಿರದ ಉಜ್ಜಿನಿ ವೀರಶೈವ ಪಂಚಪೀಠಗಳಲ್ಲಿ ಒಂದು. ತುಂಗಭದ್ರೆಯ ಅಂಚಿನ ಊರುಗಳಿಗೂ ಮಾಲವಿ ಜಲಾಶಯದ ಕೆಳಗಿನ ಹೊಲಗಳಿಗೂ ಒಂದಿಷ್ಟು ನೀರು ಸಿಗುತ್ತದೆ. ಉಳಿದದ್ದು ಬಹುಪಾಲು ಮಳೆಯನ್ನೇ ನಂಬಿದ ಬೇಸಾಯ: ಜೋಳ, ಮೆಕ್ಕೆಜೋಳ, ಶೇಂಗಾ, ನವಣೆ, ಸಜ್ಜೆ, ತೊಗರಿ, ಈರುಳ್ಳಿ.

ಈ ಬೇಸಾಯದಲ್ಲಿ ಹೆಣ್ಣಿನ ಪಾಲು ಸಣ್ಣದಲ್ಲ. ಕೂರಿಗೆ ಹಿಂದೆ ನಡೆದು ಅಕ್ಕಡಿ ಸಾಲಿಗೆ ಕಾಳು ಬಿಡುವವಳು ಅವಳು. ಸದೆ ತೆಗೆಯುವುದು, ಶೇಂಗಾ ಬಿಡಿಸುವುದು, ತೆನೆ ಕೊಯ್ಯುವುದು, ಈರುಳ್ಳಿ ಕೊಯ್ದು ಹಸನು ಮಾಡುವುದು ಅವಳ ಕೆಲಸ. ಮುಂದಿನ ಬಿತ್ತನೆಗೆ ಒಳ್ಳೆಯ ತೆನೆಯನ್ನು ಆರಿಸಿ, ಬೂದಿಯಲ್ಲೋ ಬೇವಿನ ಎಲೆಯಲ್ಲೋ ಹುಳು ಬೀಳದಂತೆ ಕಾಪಾಡಿದ ಜ್ಞಾನವೂ ಅವಳದೇ. ಯಾವ ಬೀಜ ಮುಂದಿನ ವರ್ಷಕ್ಕೆ ಉಳಿಯಬೇಕು ಎಂಬ ತೀರ್ಮಾನ ಒಂದು ಕಾಲಕ್ಕೆ ಅಡುಗೆಮನೆಯ ಮೂಲೆಯಲ್ಲೇ ಆಗುತ್ತಿತ್ತು. ಹೈಬ್ರಿಡ್ ಬೀಜದ ಚೀಲ ಅಂಗಡಿಯಿಂದ ಬರತೊಡಗಿದ ಮೇಲೆ ಆ ತೀರ್ಮಾನವೂ ಅವಳ ಕೈಬಿಟ್ಟಿತು. ಇಷ್ಟೆಲ್ಲ ಇದ್ದರೂ ರೈತ ಎಂದರೆ ಕಣ್ಣ ಮುಂದೆ ನಿಲ್ಲುವುದು ಗಂಡಸಿನ ರೂಪ. ಪಹಣಿಯಲ್ಲಿ ಇರುವುದು ಹೆಚ್ಚಾಗಿ ಅವನ ಹೆಸರು, ಮಂಡಿಯಲ್ಲಿ ಪಟ್ಟಿ ಬರೆಸುವವನೂ ಹೆಚ್ಚಾಗಿ ಅವನೇ.

ಧರ್ಮ ಇದಕ್ಕೆ ಕನ್ನಡಿ ಹಿಡಿಯುತ್ತದೆ. ಸೀಗಿ ಹುಣ್ಣಿಮೆಯ ಹೊತ್ತಿಗೆ ಪೈರು ಹೊಡೆಯಾಗಿರುತ್ತದೆ. ಭೂಮಿತಾಯಿ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ನಂಬಿಕೆ. ಬೆಳಕು ಹರಿಯುವ ಮುಂಚೆ ಎದ್ದ ಹೆಂಗಸರು ರೊಟ್ಟಿ, ಕಡುಬು, ಪಲ್ಯ, ಬುತ್ತಿಗಳನ್ನು ಮಾಡಿ ಬುಟ್ಟಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನಿಟ್ಟು ಪೂಜೆ ನಡೆಯುತ್ತದೆ. ಆಮೇಲೆ ಹೊಲದ ಸುತ್ತ ನಡೆದು ಚರಗ ಚೆಲ್ಲುವುದು ಸಾಮಾನ್ಯವಾಗಿ ಗಂಡಸು. ನೈವೇದ್ಯ ಬೇಯಿಸಿದವಳು ಒಬ್ಬಳು, ಅದನ್ನು ಭೂಮಿಗೆ ಅರ್ಪಿಸುವವನು ಇನ್ನೊಬ್ಬ. ನೆಲವನ್ನು ತಾಯಿ ಎಂದು ಪೂಜಿಸುವ ಸಂಪ್ರದಾಯವೇ ಹೆಣ್ಣು ನೇಗಿಲು ಮುಟ್ಟಬಾರದು ಎಂದೂ ವಿಧಿಸಿತು. ನೇಗಿಲಿನ ಬೇಸಾಯ ಬಂದ ಕಡೆ ಹೊಲದ ಮೇಲಿನ ಹಿಡಿತ ಗಂಡಸಿಗೆ ಸರಿಯಿತು ಎಂದು ಅರ್ಥಶಾಸ್ತ್ರಜ್ಞೆ ಎಸ್ತರ್ ಬೋಸರಪ್ 1970ರಲ್ಲಿ ಹಲವು ಖಂಡಗಳ ಉದಾಹರಣೆಯಿಂದ ತೋರಿಸಿದರು. ತಾಯಿ ಎನ್ನುವ ಗೌರವ ಒಡತಿ ಎನ್ನುವ ಅಧಿಕಾರವನ್ನು ತಾನಾಗಿ ತರುವುದಿಲ್ಲ ಎಂಬುದು ಈ ಆಚರಣೆಯಲ್ಲಿ ಸ್ಪಷ್ಟ.

ಈ ಸೀಮೆಯಲ್ಲಿ ಹೆಣ್ಣಿಗೆ ತಂದೆಯ ಆಸ್ತಿ ಸಿಗುವ ದಾರಿ ಇರಲೇ ಇಲ್ಲ ಎನ್ನುವಂತಿಲ್ಲ. ಇದ್ದ ದಾರಿ ದೇವರ ಗುಡಿಯ ಮೂಲಕ ಹಾದುಹೋಗುತ್ತಿತ್ತು. ಗಂಡುಮಕ್ಕಳಿಲ್ಲದ ಮನೆಯವರು ಮಗಳೊಬ್ಬಳನ್ನು ದೇವರಿಗೆ ಬಿಟ್ಟು ಬಸವಿ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಫ್ರೆಡ್ ಫಾಸೆಟ್ ಬಳ್ಳಾರಿ ಸೀಮೆಯ ಬಸವಿಯರ ಬಗ್ಗೆ ಬರೆದಾಗ ಗುರುತಿಸಿದ್ದು ಇದನ್ನೇ: ಬಸವಿಯಾದವಳು ತವರಿನಲ್ಲೇ ಉಳಿದು ಮಗನಂತೆ ಆಸ್ತಿಗೆ ವಾರಸುದಾರಳಾಗುತ್ತಿದ್ದಳು, ತಂದೆತಾಯಿಯ ಉತ್ತರಕ್ರಿಯೆಯನ್ನೂ ಮಾಡುತ್ತಿದ್ದಳು. ಹೆಣ್ಣು ಹೆಣ್ಣಾಗಿಯೇ ಉಳಿದು ಹೊಲ ಪಡೆಯುವಂತಿರಲಿಲ್ಲ. ಮದುವೆಯನ್ನೂ ತನ್ನ ಮೈಯ ಮೇಲಿನ ಹಕ್ಕನ್ನೂ ಬಿಟ್ಟುಕೊಟ್ಟು, ವಿಧಿಯ ಲೆಕ್ಕದಲ್ಲಿ ಮಗನಾಗಬೇಕಿತ್ತು. ಕಾಲಾಂತರದಲ್ಲಿ ಈ ಪದ್ಧತಿ ಬಡ ದಲಿತ ಕುಟುಂಬಗಳ ಮೇಲೆ ಹೆಚ್ಚಾಗಿ ಬಿತ್ತು. ಆಸ್ತಿಯೂ ಇಲ್ಲದ ಆ ಮನೆಗಳ ಹೆಣ್ಣುಮಕ್ಕಳಿಗೆ ಉಳಿದದ್ದು ಶೋಷಣೆ ಮಾತ್ರ. ಮದರಾಸು ಪ್ರಾಂತ್ಯ 1947ರಲ್ಲಿ, ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿ ಕಾಯ್ದೆ ಮಾಡಿದವು. 1993-94 ಮತ್ತು 2007-08ರ ಸಮೀಕ್ಷೆಗಳಲ್ಲಿ ಗುರುತಿಸಲಾದ ಮಾಜಿ ದೇವದಾಸಿಯರಿಗೆ ಪುನರ್ವಸತಿ ಯೋಜನೆಗಳು ಬಂದವು. ಅವರ ಬದುಕಿಗೆ ಆಸರೆಯಾಗುವುದು ಮಾಸಾಶನದ ಜೊತೆಗೆ ಸ್ವಂತ ಮನೆ, ತುಂಡು ಭೂಮಿ, ಕುರಿಮರಿ ಇಂಥವೇ.

ಮಗಳಿಗೆ ಮಗಳಾಗಿಯೇ ಪಾಲು ಎನ್ನುವ ತತ್ವವನ್ನು ಕೊಟ್ಟದ್ದು ಕಾನೂನು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ತಂದ ತಿದ್ದುಪಡಿ 1994ರ ಜುಲೈ 30ರಂದು ಜಾರಿಗೆ ಬಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ನೀಡಿತು. ಅದಕ್ಕೂ ಮೊದಲು ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಆ ಅಡ್ಡಿಯನ್ನು ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದಿತು. ಹಾಗಿದ್ದೂ ಊರಿನ ರೂಢಿ ಕಾನೂನಿನ ಜೊತೆ ನಡೆಯುತ್ತಿಲ್ಲ. ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಹಾಕದಿದ್ದರೆ ನಾಗರ ಪಂಚಮಿಗೆ ಕರೆಯುವ ತವರು ಇರುವುದಿಲ್ಲ, ಉಡಿ ತುಂಬುವವರಿರುವುದಿಲ್ಲ ಎಂಬ ಭಯ. ಉಡಿ ತುಂಬುವುದು ಪ್ರೀತಿಯ ಆಚರಣೆ, ಅದನ್ನು ಯಾರೂ ಹಗುರವಾಗಿ ಕಾಣಬೇಕಿಲ್ಲ. ಆದರೆ ಪ್ರೀತಿಗೆ ಹಕ್ಕನ್ನು ಬೆಲೆಯಾಗಿ ತೆರಬೇಕಾದಾಗ ಅಲ್ಲಿ ಧರ್ಮ ಸೋಲುತ್ತದೆ.

ಹೀಗೆ ಹಕ್ಕು ಕೇಳುವುದಕ್ಕೆ ತತ್ವದ ಕಡೆಯಿಂದಲೇ ಒಂದು ಆಕ್ಷೇಪ ಬರಬಹುದು. ಕಾಯಕವೆಂದರೆ ಆಸೆಯಿಲ್ಲದ ದುಡಿಮೆ. ಫಲವನ್ನು ಬಯಸದೆ ಕರ್ಮ ಮಾಡು ಎನ್ನುತ್ತದೆ ಗೀತೆ. ಹಾಗಿರುವಾಗ ಕೂಲಿ, ಪಾಲು, ಪಹಣಿ ಎಂದು ಕೇಳುವುದು ಲೋಭವಲ್ಲವೆ? ಇದಕ್ಕೆ ಉತ್ತರ ಶರಣೆ ಆಯ್ದಕ್ಕಿ ಲಕ್ಕಮ್ಮನ ಕಥೆಯಲ್ಲಿದೆ. ಗಂಡ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಬೇಕಾದಷ್ಟನ್ನು ಮಾತ್ರ ಉಳಿಸಿ ಮಿಕ್ಕದ್ದನ್ನು ಬಿದ್ದಲ್ಲಿಗೇ ಹಾಕಿ ಬಾ ಎಂದವಳು ಅವಳು. ಈ ಪ್ರಸಂಗವನ್ನು ಸಾಮಾನ್ಯವಾಗಿ ನಿರ್ಲೋಭದ ಪಾಠವೆಂದು ಹೇಳಲಾಗುತ್ತದೆ. ಅದರಲ್ಲಿ ಇನ್ನೊಂದು ಪಾಠವೂ ಇದೆ. ಮನೆಗೆ ಎಷ್ಟು ಸಾಕು ಎಂದು ತೀರ್ಮಾನಿಸಿದವಳು ಲಕ್ಕಮ್ಮ, ಆ ಮಾತನ್ನು ಮಾರಯ್ಯ ನಡೆಸಿಕೊಟ್ಟ. ಸಾಕು ಎನ್ನಲು ಅಧಿಕಾರ ಬೇಕು. ಇಲ್ಲದ್ದನ್ನು ತ್ಯಾಗ ಮಾಡಲಾಗದು, ಕೈಗೆ ಬಾರದ ಫಲವನ್ನು ದೇವರಿಗೆ ಒಪ್ಪಿಸಲೂ ಆಗದು. ನಿರ್ಲೋಭವನ್ನು ಆಯ್ದುಕೊಂಡ ಲಕ್ಕಮ್ಮನಿಗೂ, ಕೂಲಿಯ ಹಣವನ್ನು ಮನೆಯ ಗಂಡಸಿನ ಕೈಗಿಟ್ಟು ಸುಮ್ಮನಿರಬೇಕಾದವಳಿಗೂ ಇರುವ ಅಂತರ ಇದೇ. ಕದಿರ ರೆಮ್ಮವ್ವೆ, ಕೊಟ್ಟಣದ ಸೋಮವ್ವೆ ಮೊದಲಾದ ಶರಣೆಯರು ಗಂಡನ ಹೆಸರಿನ ನೆರಳಿನಲ್ಲಿ ನಿಲ್ಲದೆ ತಮ್ಮ ಕಾಯಕದ ಹೆಸರಿನಲ್ಲೇ ಗುರುತಾದದ್ದೂ ಇಲ್ಲಿ ನೆನೆಯತಕ್ಕದ್ದು.

ಈ ಅಧಿಕಾರ ದಿನನಿತ್ಯದ ಬದುಕಿನಲ್ಲಿ ಬೆಳೆಯುವುದು ಸ್ಥಳೀಯ ಆರ್ಥಿಕತೆಯ ಸಣ್ಣ ಸಂಸ್ಥೆಗಳಲ್ಲಿ. 2000ದ ಅಕ್ಟೋಬರ್‌ನಲ್ಲಿ ಆರಂಭವಾದ ಸ್ತ್ರೀಶಕ್ತಿ ಯೋಜನೆ ಮತ್ತು ಆಮೇಲೆ ಬಂದ ಸಂಜೀವಿನಿ ಹಳ್ಳಿಯ ಮಹಿಳೆಯರನ್ನು ಹತ್ತಿಪ್ಪತ್ತು ಜನರ ಸಂಘಗಳಾಗಿ ಕೂಡಿಸಿದವು. ವಾರದ ಉಳಿತಾಯ, ಸಾಲ, ಪುಸ್ತಕ ಬರೆಯುವುದು, ನಿರ್ಣಯಕ್ಕೆ ಸಹಿ ಹಾಕುವುದು ಇವೆಲ್ಲ ಸಾಧಾರಣ ಕೆಲಸಗಳಂತೆ ಕಂಡರೂ, ಹಣದ ಬಗ್ಗೆ ಮಾತಾಡುವ ಅಭ್ಯಾಸವನ್ನು ಅವೇ ಕಲಿಸಿದವು. 2005ರ ಉದ್ಯೋಗ ಖಾತ್ರಿ ಕಾಯ್ದೆ ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಎಂದು ವಿಧಿಸಿತು. ಮೊದಲ ಹಂತದಲ್ಲಿ, 2006ರಲ್ಲೇ, ದಾವಣಗೆರೆ ಜಿಲ್ಲೆ ಸೇರಿದ್ದರಿಂದ ಆಗ ಅಲ್ಲಿದ್ದ ಹರಪನಹಳ್ಳಿಗೆ ಅದು ಬೇಗ ಬಂತು. ಉಳಿದ ತಾಲ್ಲೂಕುಗಳಿಗೆ ಮರುವರ್ಷ ತಲುಪಿತು. ಶತಮಾನಗಳಿಂದ ಹೆಣ್ಣಾಳಿನ ಕೂಲಿ ಕಡಿಮೆ ಎಂದೇ ನಡೆದುಬಂದ ನೆಲದಲ್ಲಿ ಸಮಾನತೆ ಲೆಕ್ಕದ ಪುಸ್ತಕಕ್ಕೆ ಇಳಿದದ್ದು ಸಣ್ಣ ಸಂಗತಿಯಲ್ಲ.

ಬೆಲೆಯ ಮೇಲಿನ ಹಿಡಿತ ಮುಂದಿನ ಮೆಟ್ಟಿಲು. ಕೂಡ್ಲಿಗಿ ಕಡೆ ಹುಣಸೆ ಹಣ್ಣು ಬಂದಾಗ ಹೆಂಗಸರು ಗುಂಪಾಗಿ ಕುಳಿತು ಸಿಪ್ಪೆ ಬಿಡಿಸಿ, ಕುಟ್ಟಿ, ನಾರು ಮತ್ತು ಬೀಜ ತೆಗೆಯುತ್ತಾರೆ. ಬೇರೆಯವರ ಹಣ್ಣಿಗೆ ತೂಕದ ಲೆಕ್ಕದಲ್ಲಿ ಕೂಲಿ ಪಡೆಯುವುದು ಒಂದು ಬಗೆ. ಸಂಘವೇ ಮರದ ಫಸಲನ್ನು ಗುತ್ತಿಗೆ ಹಿಡಿದು, ಹಸನು ಮಾಡಿ, ದರ ಬರುವವರೆಗೆ ಇಟ್ಟು ಮಾರುವುದು ಇನ್ನೊಂದು ಬಗೆ. ಬೆರಳು ಮಾಡುವ ಕೆಲಸ ಎರಡರಲ್ಲೂ ಒಂದೇ. ಯಾವಾಗ, ಯಾರಿಗೆ, ಎಷ್ಟಕ್ಕೆ ಮಾರಬೇಕು ಎನ್ನುವ ತೀರ್ಮಾನ ಎರಡನೆಯದರಲ್ಲಿ ಮಾತ್ರ ಅವರದು. ಹಡಗಲಿ ಮಲ್ಲಿಗೆಯಲ್ಲೂ ಹೀಗೆಯೇ. ಮೈಸೂರು, ಉಡುಪಿ ಮಲ್ಲಿಗೆಗಳಂತೆ ಇದಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮೊಗ್ಗು ಅರಳುವ ಮುನ್ನವೇ ಬಿಡಿಸಿ, ಕಟ್ಟಿ, ಪೇಟೆಗೆ ಮುಟ್ಟಿಸಬೇಕು. ಹೊತ್ತೇರಿದರೆ ದರ ಇಳಿಯುತ್ತದೆ. ದೇವರ ಮುಡಿಗೇರುವ ಹೂವಿನ ಪುಣ್ಯ ಅದನ್ನು ಬಿಡಿಸಿದ ಕೈಗೂ ಸಿಗಬೇಕಾದರೆ, ದಲ್ಲಾಳಿಯ ಲೆಕ್ಕ ಆ ಕೈಗೆ ಗೊತ್ತಿರಬೇಕು. ನವಣೆ, ಸಜ್ಜೆಗಳಿಗೆ ಮತ್ತೆ ಬೇಡಿಕೆ ಬಂದಿರುವಾಗ ಊರಲ್ಲೇ ಸಿಪ್ಪೆ ತೆಗೆಯುವ ಯಂತ್ರವಿದ್ದರೆ, ಬೀಜ ಉಳಿಸಿದ ಹಳೆಯ ಜ್ಞಾನಕ್ಕೂ ಬೆಲೆ ಕಟ್ಟಿದಂತಾಗುತ್ತದೆ.

ಎಚ್ಚರ ವಹಿಸಬೇಕಾದ ಸಂಗತಿಗಳೂ ಇವೆ. ಕಾಯಕ ಎಂಬ ದೊಡ್ಡ ಮಾತು ದಣಿದ ಮೈಗೆ ಇನ್ನಷ್ಟು ಕೆಲಸ ಹೇರುವ ನೆಪವಾಗಬಾರದು. ಸಂಘದ ಸಾಲವನ್ನು ಗಂಡಸು ಖರ್ಚು ಮಾಡಿ ಕಂತನ್ನು ಹೆಂಗಸು ಕಟ್ಟುವಂತಾದರೆ ಅದು ಸಬಲೀಕರಣವಲ್ಲ. ಮಳೆ ಕೈಕೊಟ್ಟ ವರ್ಷ ಈ ತಾಲ್ಲೂಕುಗಳ ತಾಂಡಾಗಳಿಂದ, ದಲಿತ ಕೇರಿಗಳಿಂದ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡಗಳಿಗೆ ಗುಳೆ ಹೋಗುತ್ತವೆ. ಆಗ ಸಂಘದ ಸಭೆಯೂ ನಿಲ್ಲುತ್ತದೆ, ಮಕ್ಕಳ ಶಾಲೆಯೂ ನಿಲ್ಲುತ್ತದೆ. ಭೂಮಿಯೇ ಇಲ್ಲದ ಈ ಮನೆಗಳಲ್ಲಿ ಒಡೆತನವೆಂದರೆ ಹೊಲದ ಪಹಣಿಯೊಂದೇ ಅಲ್ಲ. ನ್ಯಾಯವಾದ ಕೂಲಿ, ತನ್ನ ಹೆಸರಿನ ಬ್ಯಾಂಕ್ ಖಾತೆ, ಮನೆಯ ಹಕ್ಕುಪತ್ರ, ಕುರಿ-ಎಮ್ಮೆಗಳ ಮೇಲಿನ ಮಾತು ಎಲ್ಲವೂ ಅದರಲ್ಲಿ ಸೇರುತ್ತವೆ.

ಹೀಗೆ ನೋಡಿದಾಗ ಮೊದಲು ಎತ್ತಿದ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹೊಲದಲ್ಲಿ ಹೆಣ್ಣು ಪಡುವ ಶ್ರಮಕ್ಕೆ ಕಾಯಕದ ಘನತೆ ಇದ್ದೇ ಇದೆ, ಕೊರತೆ ಇರುವುದು ಅವಳ ಸುತ್ತಲಿನ ವ್ಯವಸ್ಥೆಯಲ್ಲಿ. ದುಡಿಮೆಯನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ, ಗಳಿಕೆಯ ಮೇಲೆ ಹಕ್ಕು, ಹಂಚಿಕೆಯಲ್ಲಿ ಮಾತು ಈ ಮೂರೂ ಇದ್ದಾಗ ಕಾಯಕ ದಾಸೋಹದವರೆಗೆ ನಡೆಯುತ್ತದೆ. ಮಗಳ ಹೆಸರನ್ನು ಪಹಣಿಗೆ ಸೇರಿಸುವ ತಂದೆ, ತಂಗಿಯ ಪಾಲನ್ನು ಕೊಟ್ಟೂ ಪಂಚಮಿಗೆ ಕರೆಯುವ ಅಣ್ಣ, ಸಮಾನ ಕೂಲಿ ಕೊಡುವ ಹೊಲದೊಡೆಯ, ಮಹಿಳಾ ಸಂಘಕ್ಕೆ ನೇರ ವ್ಯಾಪಾರ ಕೊಡುವ ಮಂಡಿ ಇವರೆಲ್ಲ ಯೋಜನೆಯೊಂದರ ಫಲಾನುಭವಿಗಳಿಗೆ ಉಪಕಾರ ಮಾಡುತ್ತಿಲ್ಲ. ಶರಣರು ಹೇಳಿದ ಧರ್ಮದಲ್ಲಿ ತಮ್ಮ ಪಾಲಿಗೆ ಬಂದ ಭಾಗವನ್ನು ನಡೆಸುತ್ತಿದ್ದಾರೆ.