ಕೈ ಇಡುವ ಮುನ್ನ

ತಿರುವಣ್ಣಾಮಲೈನ ರಮಣಾಶ್ರಮದಲ್ಲಿ ಲಕ್ಷ್ಮಿ ಎಂಬ ಹಸುವಿನ ಸಮಾಧಿಯಿದೆ. ಅವಳು 1926ರಲ್ಲಿ ತಾಯಿಯೊಂದಿಗೆ ಬಂದ ಕರು. ಆಗ ಆಶ್ರಮದಲ್ಲಿ ದನ ನೋಡಿಕೊಳ್ಳುವ ಅನುಕೂಲವಿಲ್ಲದ್ದರಿಂದ ಊರೊಳಗೆ ಒಬ್ಬರ ಮನೆಯಲ್ಲಿ ಕಟ್ಟಿದ್ದರು. ದಾರಿ ಪರಿಚಯವಾದದ್ದೇ ತಡ, ಲಕ್ಷ್ಮಿ ದಿನಾ ತಾನಾಗಿಯೇ ಆಶ್ರಮಕ್ಕೆ ಬರುತ್ತಿದ್ದಳು, ಸಂಜೆ ತಾನಾಗಿಯೇ ಮರಳುತ್ತಿದ್ದಳು. 1948ರ ಜೂನ್ 18ರಂದು ಅವಳು ಕೊನೆಯುಸಿರೆಳೆಯುವ ಹೊತ್ತಿಗೆ ರಮಣ ಮಹರ್ಷಿಗಳು ಕೊಟ್ಟಿಗೆಯಲ್ಲಿ ಅವಳ ಪಕ್ಕ ಕೂತು, ತಲೆಯ ಮೇಲೂ ಎದೆಯ ಮೇಲೂ ಕೈ ಇಟ್ಟರು. 1922ರಲ್ಲಿ ತಮ್ಮ ತಾಯಿ ತೀರಿಕೊಳ್ಳುವಾಗ ಇಟ್ಟಂತೆಯೇ. ಲಕ್ಷ್ಮಿಗೆ ಮುಕ್ತಿ ದೊರಕಿತೆಂದು ತಮಿಳಿನಲ್ಲಿ ಚರಮಪದ್ಯವನ್ನೂ ಬರೆದರು.

ಆ ಕೈಯ ಹಿಂದೆ ಇಪ್ಪತ್ತೆರಡು ವರ್ಷಗಳ ಒಡನಾಟವಿತ್ತು. ಪ್ರಾಣಿಗಳೊಂದಿಗೆ ಮನಸ್ಸಿನಿಂದ ಸಂವಾದ ನಡೆಸುವುದನ್ನು, ಕೈ ಇಟ್ಟು ಶಕ್ತಿ ಹರಿಸುತ್ತೇವೆನ್ನುವ ರೇಖಿಯನ್ನು ಅವಕ್ಕೆ ಕೊಡುವುದನ್ನು ಇಂದು ತರಗತಿಗಳಲ್ಲಿ ಕಲಿಸುತ್ತಾರೆ. ಜಪಾನಿನ ಮಿಕಾವೊ ಉಸುಯಿ 1922ರಲ್ಲಿ ಮನುಷ್ಯರಿಗೆಂದು ಆರಂಭಿಸಿದ ಪದ್ಧತಿ ಈಗ ನಾಯಿ, ಬೆಕ್ಕು, ಕುದುರೆಗಳವರೆಗೂ ಬಂದಿದೆ. ಕಲಿಯಲು ಹೋಗುವವರಲ್ಲಿ ಅನೇಕರು ಮನೆಯ ಪ್ರಾಣಿಯ ಸಂಕಟ ನೋಡಲಾಗದೆ ಹೋದವರು. ಆ ಕರುಳಿನ ಬಗ್ಗೆ ನನಗೆ ಗೌರವವಿದೆ. ರೇಖಿಯ ಶಕ್ತಿಯನ್ನು ಯಾವ ಉಪಕರಣವೂ ಅಳೆದು ತೋರಿಸಿಲ್ಲ ಎಂಬುದೂ ನಿಜ. ಆದರೆ ಇದನ್ನು ಕಲಿಸುವವರಲ್ಲಿ ಹಲವರು ಪಾಲಿಸುವ ಒಂದು ನಿಯಮ ಚಿನ್ನದಂಥದ್ದು: ಪ್ರಾಣಿ ತಾನಾಗಿ ಹತ್ತಿರ ಬಂದರೆ ಮಾತ್ರ ಮುಟ್ಟು, ಎದ್ದು ಹೋದರೆ ಬಿಟ್ಟುಬಿಡು.

ನಾವು ಮುಟ್ಟುವ ಮುನ್ನವೇ ಪ್ರಾಣಿ ನಮ್ಮನ್ನು ಓದುತ್ತಿರುತ್ತದೆಂದು ಬರ್ಲಿನ್ನಿನ ಹಾನ್ಸ್ ಎಂಬ ಕುದುರೆ ತೋರಿಸಿಕೊಟ್ಟಿತು. ಕೂಡುವ ಕಳೆಯುವ ಲೆಕ್ಕಕ್ಕೆ ಅದು ಗೊರಸು ಬಡಿದು ಉತ್ತರ ಹೇಳುತ್ತಿತ್ತು. ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್‌ಸ್ಟ್ ಅದನ್ನು ಪರೀಕ್ಷಿಸಿ 1907ರಲ್ಲಿ ವಿವರ ಪ್ರಕಟಿಸಿದರು. ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಎಣಿಕೆ ಬಂದೊಡನೆ ಕೇಳಿದವರ ತಲೆ ತಮಗೇ ಅರಿವಿಲ್ಲದೆ ಕೊಂಚ ಅಲುಗುತ್ತಿತ್ತು. ಹಾನ್ಸ್ ಅದನ್ನು ನೋಡಿ ನಿಲ್ಲಿಸುತ್ತಿತ್ತು. ಇದನ್ನು ಮೋಸವೆಂದು ತಳ್ಳಿಹಾಕಿದವರಿದ್ದಾರೆ. ನನಗಂತೂ ಲೆಕ್ಕ ಮಾಡುವ ಕುದುರೆಗಿಂತ ಇದೇ ದೊಡ್ಡ ಸೋಜಿಗ. ನಮ್ಮ ಉಸಿರು, ಬಿಗಿದ ಭುಜ, ಅವಸರದ ಹೆಜ್ಜೆ ಎಲ್ಲವನ್ನೂ ಪ್ರಾಣಿಗಳು ಓದುತ್ತಿರುತ್ತವೆ. ಗಾಬರಿ ತುಂಬಿಕೊಂಡು ಸಮಾಧಾನ ಹೇಳಲು ಹೋದರೆ ತಲುಪುವುದು ಗಾಬರಿಯೇ. ಸಂವಾದ ಕಲಿಯುವವರು ಮೊದಲು ತಮ್ಮ ಮೈಯನ್ನೇ ಶಾಂತಗೊಳಿಸಬೇಕು. ಧ್ಯಾನಕ್ಕೆ ಇಲ್ಲಿ ನಿಜವಾದ ಕೆಲಸವಿದೆ.

ಆಮೇಲೆ ಅವು ಹೇಳುವುದನ್ನು ನೋಡಬೇಕು. ಹತ್ತಿರ ಹೋದಾಗ ನಾಯಿ ಮುಖ ತಿರುಗಿಸಿ ತುಟಿ ನೆಕ್ಕಿಕೊಂಡರೆ ಅನೇಕ ಸಲ ಅದರ ಅರ್ಥ ‘ಈಗ ಬೇಡ’ ಎಂದೇ. ಗಂಗೆದೊಗಲು ಸವರಿದಾಗ ಹಸು ಕತ್ತು ಚಾಚಿ ಕೊಟ್ಟರೆ ‘ಇನ್ನೂ ಸ್ವಲ್ಪ’ ಎಂದು. ಕುದುರೆಗಳು ಒಂದರ ಹೆಗಲನ್ನು ಇನ್ನೊಂದು ಹಲ್ಲಿನಿಂದ ಕೆರೆದುಕೊಡುತ್ತವೆ. ಅದೇ ಜಾಗವನ್ನು ಮನುಷ್ಯ ಕೈಯಿಂದ ಕೆರೆದರೂ ಅವುಗಳ ಎದೆಬಡಿತ ನಿಧಾನವಾಗುತ್ತದೆಂದು 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ಇಷ್ಟು ಕಣ್ಣಿಗೆ ಕಾಣುವ ಮಾತು ಇರುವಾಗ, ಫೋಟೊ ನೋಡಿ ‘ನಿಮ್ಮ ನಾಯಿ ಹೀಗೆ ಹೇಳುತ್ತಿದೆ’ ಎನ್ನುವವರನ್ನು ನಾನು ನಂಬಲಾರೆ. ಅಲ್ಲವೆನ್ನಲು ಬಾಯಿಲ್ಲದ ಜೀವದ ಬಾಯಿಗೆ ನಮ್ಮ ಮಾತನ್ನು ತುರುಕುವುದು ಅನ್ಯಾಯ.

ಮೇವು ಬಿಟ್ಟ ಹಸುವಿಗೆ, ಕುಂಟುವ ನಾಯಿಗೆ, ಮೂಲೆ ಹಿಡಿದು ಕೂತ ಬೆಕ್ಕಿಗೆ ಮೊದಲು ಬೇಕಾದವರು ಪಶುವೈದ್ಯರು. ವೈದ್ಯರು ಸೂಜಿ ಚುಚ್ಚುವಾಗ ಪಕ್ಕದಲ್ಲಿ ಒಂದು ಪರಿಚಿತ ಕೈಯೂ ಬೇಕು. ಆ ಪರಿಚಯವನ್ನು, ಅವು ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ದಿನಗಳಲ್ಲೇ, ದಿನಕ್ಕೊಂದಿಷ್ಟು ಹೊತ್ತು ಸುಮ್ಮನೆ ಜೊತೆಗೆ ಕೂತು ಬೆಳೆಸಿಕೊಳ್ಳಬೇಕು.