ಬರೆದಿಟ್ಟ ಲೆಕ್ಕವೂ ಅಮಾನತ್ತೇ

ನಂಬಿಕಸ್ಥನೆಂದು ಯಾರನ್ನು ಕರೆಯಬೇಕು? ಹೆಚ್ಚು ತಿಳಿದವನನ್ನೇ? ಹೆಚ್ಚು ದುಡಿದವನನ್ನೇ? ಒಡವೆ ಹಣದ ವಿಷಯದಲ್ಲಿ ಉತ್ತರ ಸುಲಭ. ಒಪ್ಪಿಸಿದ್ದನ್ನು ಹಾಗೆಯೇ ಮರಳಿಸುವವನು ನಂಬಿಕಸ್ಥ. ಆದರೆ ಸಾವಿರಾರು ಮಂದಿ ಸೇರಿ ಬರೆಯುವ ಒಂದು ದಾಖಲೆಯಲ್ಲಿ, ಪರಸ್ಪರ ಮುಖ ಕಾಣದ ಜನರ ನಡುವೆ, ಒಬ್ಬನು ನಂಬಿಕಸ್ಥನಾಗುವುದು ಹೇಗೆ? ಪ್ರಿಯ ಓದುಗರೇ, ಒಂದು ಉದಾಹರಣೆಯ ಮೂಲಕ ಇದನ್ನು ಯೋಚಿಸೋಣ.

ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಸಂಸ್ಥೆ ಮತ್ತು ಆಡುಬಾನ್ ಸೊಸೈಟಿ ಸೇರಿ 2002ರಲ್ಲಿ ಇ-ಬರ್ಡ್ ಎಂಬ ಹಕ್ಕಿಗಳ ದಾಖಲೆಯನ್ನು ಆರಂಭಿಸಿದವು. ತಾನು ಎಲ್ಲಿ, ಯಾವಾಗ, ಎಷ್ಟು ಹೊತ್ತು ನಿಂತು ಅಥವಾ ಎಷ್ಟು ದೂರ ನಡೆದು, ಯಾವ ಹಕ್ಕಿಗಳನ್ನು ಎಷ್ಟೆಷ್ಟು ಕಂಡೆನೆಂದು ಯಾರು ಬೇಕಾದರೂ ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಅದಕ್ಕೆ ಬರೆದು ಸೇರಿಸಬಹುದು. ಪದವಿ ಬೇಕಿಲ್ಲ, ಶುಲ್ಕವಿಲ್ಲ. ಇದು ಕೇವಲ ಹವ್ಯಾಸಿಗಳ ಆಟವೆಂದು ಭಾವಿಸಬೇಡಿ. 2023ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿಯ ವರದಿಯು ಸುಮಾರು 30,000 ವೀಕ್ಷಕರು ಹೀಗೆ ಬರೆದ ಮಾಹಿತಿಯನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿತು. ನಮ್ಮ ರಾಜ್ಯಪಕ್ಷಿಯಾದ ನೀಲಕಂಠಕ್ಕೆ ಅಳಿವಿನ ಅಪಾಯ ಎಷ್ಟಿದೆಯೆಂದು ಮತ್ತೆ ಅಳೆಯಬೇಕೆಂದು ಅದು ಸೂಚಿಸಿತು. ಹೆಸರಿಲ್ಲದ ಯಾರೋ ಬರೆದ ಒಂದು ಸಾಲು ಒಂದು ಜೀವಿಯ ರಕ್ಷಣೆಗೆ ಸಾಕ್ಷಿಯಾಗುತ್ತದೆ.

ಪಟ್ಟಿಯನ್ನು ಒಪ್ಪಿಸುವಾಗ ಬರೆದವನ ಮುಂದೆ ಒಂದು ಪ್ರಶ್ನೆ ಬರುತ್ತದೆ: ನೀವು ಗುರುತಿಸಲು ಸಾಧ್ಯವಾದ ಎಲ್ಲ ಹಕ್ಕಿಗಳನ್ನೂ ಇಲ್ಲಿ ಬರೆದಿದ್ದೀರಾ? ಈ ಪ್ರಶ್ನೆಯ ಆಳವನ್ನು ಗಮನಿಸಿ. ಒಬ್ಬನು ಅಪರೂಪದ ಹಕ್ಕಿಯೊಂದನ್ನು ಬರೆದು, ಕಾಗೆ ಗೊರವಂಕಗಳನ್ನು ಬಿಟ್ಟು, "ಹೌದು" ಎಂದು ಉತ್ತರಿಸಿದನೆನ್ನೋಣ. ಅವನು ಬರೆದ ಸಾಲುಗಳಲ್ಲಿ ಒಂದೂ ಸುಳ್ಳಿಲ್ಲ. ಆದರೂ ಅವನು ಸುಳ್ಳು ಹೇಳಿದ್ದಾನೆ. ಏಕೆಂದರೆ ಆ ಪಟ್ಟಿಯನ್ನು ಓದುವ ವಿಜ್ಞಾನಿ, ಅಲ್ಲಿ ಅಂದು ಕಾಗೆ ಕಾಣಲಿಲ್ಲವೆಂದೇ ತಿಳಿಯುತ್ತಾನೆ. "ಇಲ್ಲ, ಎಲ್ಲವನ್ನೂ ಬರೆದಿಲ್ಲ" ಎಂದವನ ಪಟ್ಟಿ ಚಿಕ್ಕದಾದರೂ ಅವನು ಸತ್ಯವಂತ. ಹಾಗೆಯೇ, ಹಕ್ಕಿಯ ಗುರುತು ಖಚಿತವಾಗದಿದ್ದರೆ "ಯಾವುದೋ ಒಂದು ಗಿಡುಗ" ಎಂದಷ್ಟೇ ಬರೆಯಲೂ ಅಲ್ಲಿ ಅವಕಾಶವಿದೆ. ತಿಳಿಯದೆಂದು ಒಪ್ಪಿಕೊಳ್ಳುವುದು ಅಲ್ಲಿ ಅವಮಾನವಲ್ಲ, ಅದೂ ಒಂದು ಸಾಕ್ಷ್ಯವೇ.

ಆ ಊರಿಗೆ, ಆ ತಿಂಗಳಿಗೆ ಅಸಹಜವಾದ ಹಕ್ಕಿಯನ್ನೋ ಸಂಖ್ಯೆಯನ್ನೋ ಬರೆದರೆ ಅದು ತಾನಾಗಿಯೇ ತಡೆಯಲ್ಪಡುತ್ತದೆ. ಬಳಿಕ ಆ ಪ್ರದೇಶದ ಪರಿಶೀಲಕರು ನೋಡುತ್ತಾರೆ. ಅವರೂ ಸಂಬಳವಿಲ್ಲದ ಸ್ವಯಂಸೇವಕರೇ. ಹೇಗೆ ಗುರುತಿಸಿದಿರಿ? ಚಿತ್ರವಿದೆಯೇ? ಎಂದು ಅವರು ಕೇಳಬಹುದು. ಒಪ್ಪಿಗೆಯಾಗದ ದಾಖಲೆಯು ಬರೆದವನ ಪಟ್ಟಿಯಲ್ಲಿ ಉಳಿದರೂ ಸಾರ್ವಜನಿಕ ನಕ್ಷೆಗಳಲ್ಲಿ ಸೇರುವುದಿಲ್ಲ. "ನನ್ನ ಮಾತನ್ನೇ ನಂಬುವುದಿಲ್ಲವೇ?" ಎಂದು ಯಾರಿಗಾದರೂ ನೋವಾಗುವುದು ಸಹಜ. ಆದರೆ ಪ್ರಶ್ನೆ ಎಂದರೆ ಆರೋಪವಲ್ಲ. ಹದೀಸ್ ವಿದ್ವಾಂಸರು ವರದಿಗಾರನಲ್ಲಿ ಸಚ್ಚಾರಿತ್ರ್ಯವನ್ನು ಮಾತ್ರವಲ್ಲ, ನೆನಪಿನ ನಿಖರತೆಯನ್ನೂ ಹುಡುಕಿದರು. ವ್ಯಕ್ತಿ ಸಜ್ಜನನೇ, ಆದರೆ ನೆನಪು ದುರ್ಬಲ ಎಂದಾದರೆ ಅವನ ವರದಿಯನ್ನು ದುರ್ಬಲವೆಂದೇ ಗುರುತಿಸಿದರು. ಅದರಿಂದ ಅವನ ಸಜ್ಜನಿಕೆಗೆ ಕುಂದು ಬರಲಿಲ್ಲ, ಸತ್ಯ ಮಾತ್ರ ಉಳಿಯಿತು.

ಹಾಗಾದರೆ, ವರ್ಷಗಟ್ಟಲೆ ಸರಿಯಾಗಿ ಬರೆದು ಹೆಸರು ಗಳಿಸಿದವನನ್ನಾದರೂ ಪ್ರಶ್ನೆಯಿಂದ ಬಿಡಬಾರದೇ? ಇದಕ್ಕೆ ಇತಿಹಾಸವೇ ಉತ್ತರಿಸುತ್ತದೆ. ಬ್ರಿಟಿಷ್ ಸೇನಾಧಿಕಾರಿ ರಿಚರ್ಡ್ ಮೈನರ್ಟ್ಸ್‌ಹಾಗನ್ (1878–1967) ತನ್ನ ಕಾಲದ ಬಹು ದೊಡ್ಡ ಪಕ್ಷಿತಜ್ಞನೆನಿಸಿಕೊಂಡಿದ್ದನು. ಸುಮಾರು 20,000 ಹಕ್ಕಿಗಳ ಮಾದರಿಗಳನ್ನು ಬ್ರಿಟನ್ನಿನ ವಸ್ತುಸಂಗ್ರಹಾಲಯಕ್ಕೆ ಕೊಟ್ಟನು. ಫಾರೆಸ್ಟ್ ಔಲೆಟ್ ಎಂಬ ಸಣ್ಣ ಗೂಬೆಯೊಂದನ್ನು 1914ರಲ್ಲಿ ಗುಜರಾತಿನಲ್ಲಿ ಹಿಡಿದೆನೆಂದು ಅವನು ಚೀಟಿ ಅಂಟಿಸಿದ್ದನು. ವಿದ್ವಾಂಸರು ಅದನ್ನೇ ಆ ಹಕ್ಕಿಯ ಕೊನೆಯ ದಾಖಲೆಯೆಂದು ನಂಬಿದರು. 1990ರ ದಶಕದಲ್ಲಿ ಪಮೇಲಾ ರಾಸ್ಮುಸ್ಸೆನ್ ಮೊದಲಾದವರು ಪರೀಕ್ಷಿಸಿದಾಗ ಸತ್ಯ ಹೊರಬಿತ್ತು. ಅದು ಜೇಮ್ಸ್ ಡೇವಿಡ್ಸನ್ ಎಂಬವರು 1880ರ ದಶಕದಲ್ಲಿ ಸಂಗ್ರಹಿಸಿದ ಮಾದರಿಯಾಗಿತ್ತು. ಮೈನರ್ಟ್ಸ್‌ಹಾಗನ್ ಅದನ್ನು ಕದ್ದು ತನ್ನ ಚೀಟಿ ಅಂಟಿಸಿದ್ದನು. ಆ ಸುಳ್ಳನ್ನು ಬದಿಗಿಟ್ಟು, ನಿಜವಾದ ಹಳೆಯ ದಾಖಲೆಗಳ ಸ್ಥಳಗಳಲ್ಲಿ ಹುಡುಕಿದಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆ ಜೀವಂತವಾಗಿ ಸಿಕ್ಕಿತು! 1884ರ ಬಳಿಕ ಅದರ ಖಚಿತ ದಾಖಲೆಯೇ ಇರಲಿಲ್ಲ.

ಅಪರಿಚಿತನ ಸುಳ್ಳು ಮೊದಲ ಪರಿಶೀಲನೆಯಲ್ಲೇ ಸಿಕ್ಕಿಬೀಳಬಹುದು. ನಂಬಿಕಸ್ಥನ ಸುಳ್ಳನ್ನು ಪರಿಶೀಲಿಸುವವರೇ ಇರುವುದಿಲ್ಲ. ಆದ್ದರಿಂದಲೇ ಅದರ ಹಾನಿ ದೊಡ್ಡದು. ನಂಬಿಕೆ ಎಂಬುದು ದುಡಿಮೆಗೆ ಸಿಗುವ ಕೂಲಿಯಲ್ಲ, ಪ್ರಶ್ನೆಯಿಂದ ಬಿಡುಗಡೆಯ ಪತ್ರವೂ ಅಲ್ಲ. ಅದು ಜನರು ನಮ್ಮ ಕೈಗಿತ್ತ ಅಮಾನತ್ತು. ಅದು ಹೆಚ್ಚಿದಷ್ಟೂ ನಮ್ಮ ಮೇಲಿನ ಹೊಣೆ ಹೆಚ್ಚುತ್ತದೆ.

ಓದುಗರೇ, ನೀವು ಹಕ್ಕಿ ನೋಡುವವರಲ್ಲದಿರಬಹುದು. ಆದರೆ ಜಮಾಅತಿನ ಲೆಕ್ಕ, ಶಾಲೆಯ ಹಾಜರಿ, ಅಂಗಡಿಯ ಖಾತೆ, ಹೀಗೆ ಇತರರು ನಂಬಿ ಓದುವ ಏನನ್ನಾದರೂ ನೀವು ಬರೆಯುತ್ತಿರಬಹುದು. ಅಲ್ಲಿ ಕಂಡದ್ದನ್ನು ಬರೆಯಿರಿ, ಬಿಟ್ಟದ್ದನ್ನು ಬಿಟ್ಟೆನೆಂದು ಹೇಳಿರಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿರಿ. ಯಾರಾದರೂ ಬಂದು "ಇದು ಹೇಗೆ?" ಎಂದು ಕೇಳಿದರೆ ಮುಖ ಗಂಟಿಕ್ಕದೆ ಪುಸ್ತಕವನ್ನು ತೆರೆದು ತೋರಿಸಿರಿ.