ಮಳೆಯೋ, ಗೇಟೋ?

‘ಪಾಸಿಟಿವ್ ಆಗಿರಿ’ ಅನ್ನೋ ಮಾತು ಈಗ ಎಲ್ಲಾ ಕಡೆ ಇದೆ. ಕಾಫಿ ಮಗ್ ಮೇಲೆ, ಎಚ್‌ಆರ್ ಮೇಲ್‌ನ ಕೊನೇ ಸಾಲಿನಲ್ಲಿ, ಬೆಳಗ್ಗೆ ಎದ್ದು ನೋಡುವ ಮೊದಲ ರೀಲ್‌ನಲ್ಲಿ. ನನಗೆ ಆ ಮಾತಿನ ಮೇಲೆ ದ್ವೇಷ ಇಲ್ಲ. ರಾತ್ರಿ ಹನ್ನೊಂದಕ್ಕೆ ಬಿಲ್ಡ್ ಫೇಲ್ ಆದಾಗ ನನಗೆ ನಾನೇ ಅದನ್ನು ಎಷ್ಟೋ ಸಲ ಹೇಳಿಕೊಂಡಿದ್ದೇನೆ, ಉಪಯೋಗವೂ ಆಗಿದೆ. ಆದರೆ ಅದೇ ಮಾತನ್ನು ಕೆಲಸ ಹೇರುವವರು ಹೇಳಿದಾಗ ಯಾಕೋ ಗಂಟಲಲ್ಲಿ ಇಳಿಯುವುದಿಲ್ಲ. ಶಬ್ದ ಅವೇ ಇದ್ದರೂ ಮಾತು ಬೇರೆ ಅನಿಸುತ್ತದೆ. ಇದು ಬರೀ ನನ್ನ ಸಿಡುಕೋ, ಅಥವಾ ಇದರಲ್ಲಿ ನ್ಯಾಯ ಅನ್ಯಾಯದ ಪ್ರಶ್ನೆ ಏನಾದರೂ ಇದೆಯೋ ಅಂತ ಬಹಳ ದಿನ ಯೋಚಿಸಿದೆ. ಉತ್ತರದ ಒಂದು ತುದಿ ಸಿಕ್ಕಿದ್ದು ಊರಿನಲ್ಲಿ.

ನಮ್ಮೂರು ಹೊಳೆಆಲೂರು. ಗದಗ ಜಿಲ್ಲೆ, ರೋಣ ತಾಲ್ಲೂಕು. ಗದಗಿನಿಂದ ಬಾದಾಮಿ ಕಡೆ ರೈಲಿನಲ್ಲಿ ಹೋದರೆ ನಡುವೆ ಸಿಗುತ್ತದೆ. ಹೆಸರಿನಲ್ಲಿರುವ ಹೊಳೆ ಮಲಪ್ರಭೆ. ಬೇಸಿಗೆಯಲ್ಲಿ ಬಂದರೆ ‘ಇದೇನ್ರೀ, ಇದಕ್ಕ ಹೊಳಿ ಅಂತೀರಿ?’ ಅಂತ ಕೇಳ್ತೀರಿ. ಜಾಲಿ ಕಂಟಿ, ಅಲ್ಲಲ್ಲಿ ನಿಂತ ನೀರು, ಅಷ್ಟೇ. ಮೇಲುಗಡೆ ಸವದತ್ತಿ ಹತ್ತಿರ ನವಿಲುತೀರ್ಥದಲ್ಲಿ ಆಣೆಕಟ್ಟು ಇದೆ, ಸುಮಾರು 37 ಟಿಎಂಸಿ ನೀರು ಹಿಡಿಯುತ್ತದೆ. ಅದು ತುಂಬದ ವರ್ಷ ನಮ್ಮಲ್ಲಿ ಹೊಳೆ ಹೆಸರಿಗಷ್ಟೇ. ತುಂಬಿದ ವರ್ಷ ಗೇಟು ತೆಗೀತಾರೆ. 2009ರ ಸೆಪ್ಟೆಂಬರ್ ಕೊನೆಗೆ ಮಳೆ ಹುಚ್ಚೆದ್ದು ಸುರಿದು ಉತ್ತರ ಕರ್ನಾಟಕದ ನೂರಾರು ಊರು ಮುಳುಗಿದ್ದವು. ಹತ್ತು ವರ್ಷ ಬಿಟ್ಟು, 2019ರ ಆಗಸ್ಟಿನಲ್ಲಿ, ತುಂಬಿದ ಆಣೆಕಟ್ಟಿನಿಂದ ಬಿಟ್ಟ ನೀರು ಹೊಳೆದಂಡೆಯ ಊರುಗಳಿಗೆ ನುಗ್ಗಿತು.

ಆಗ ನಾನು ಬೆಂಗಳೂರಿನಲ್ಲಿದ್ದೆ. ಕಾಕಾಗೆ ಫೋನ್ ಹಚ್ಚಿದೆ.

“ಕಾಕಾ, ಮಳಿ ಹೆಂಗೈತಿ?”

“ಮಳಿ ಬಿಡೋ ತಮ್ಮಾ. ಡ್ಯಾಮಿನ್ಯಾಗ ಎಷ್ಟು ಬಿಟ್ಟಾರ, ಅದನ್ನ ನೋಡಿ ಹೇಳು. ನಿನ್ನ ಮೊಬೈಲ್‌ನ್ಯಾಗ ಬರತೈತೇನು?”

ಹೆಸರಿನ ಕಾಳು ಬಿಡಿಸೋ ಹೊತ್ತು. ಬೆಳೆ ಹೊಲದಲ್ಲೇ ಕೊಳೀತಿತ್ತು. ಆದರೂ ಕಾಕಾನ ದನಿಯಲ್ಲಿ ಅಳು ಇರಲಿಲ್ಲ. ದನ ಬೀಗರ ಊರಿಗೆ ಹೋಗಿದ್ದವು, ಜೋಳದ ಚೀಲ ಮೇಲೇರಿದ್ದವು, “ನಮ್ಮ ಮನಿ ಬಾಗಲಕ್ಕ ಹೊಳಿ ಬಂದೈತಿ, ಈ ವರ್ಷ ನೀರಿಗೆ ಹೋಗೂದು ಉಳಿತು” ಅಂತ ಚೇಷ್ಟೆ ಬೇರೆ. ನಮ್ಮ ಯಾವ ವೆಲ್‌ನೆಸ್ ಕೋಚ್ ಕೂಡ ಇದಕ್ಕೆ ಪೂರ್ತಿ ಅಂಕ ಕೊಡಬೇಕು. ನೀರು ಇಳಿದ ಮೇಲೆ ಅದೇ ಕಾಕಾ, ಬಿದ್ದ ಮನೆಗಳ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರ ಜೊತೆ ತಹಶೀಲ್ದಾರ್ ಕಚೇರಿ ಮುಂದೆ ಕೂತ. ಅಲ್ಲಿ ಚೇಷ್ಟೆ ಇರಲಿಲ್ಲ. ಅವನನ್ನು ಪಾಸಿಟಿವ್ ಅನ್ನಬೇಕೋ, ನೆಗೆಟಿವ್ ಅನ್ನಬೇಕೋ? ಕೇಳಿದ್ದರೆ ಅವನಿಗೆ ಪ್ರಶ್ನೆಯೇ ತಿಳಿಯುತ್ತಿರಲಿಲ್ಲ. ಮಳೆಗೆ ಒಂದು ಮುಖ, ಗೇಟಿಗೆ ಇನ್ನೊಂದು. ಮಳೆ ಯಾರ ತೀರ್ಮಾನವೂ ಅಲ್ಲ. ಅದರ ಮುಂದೆ ಧೈರ್ಯ ಬೇಕು. ಗೇಟಿನ ಹಿಂದೆ ಯಾರದೋ ಕೈ ಇದೆ, ಒಂದು ವೇಳಾಪಟ್ಟಿ ಇದೆ, ಆರ್ಡರ್ ಇದೆ. ಅದರ ಮುಂದೆ ಪ್ರಶ್ನೆ ಬೇಕು.

ನನ್ನ ವಾದ ಇಷ್ಟೇ. ಕೆಲಸದ ಒತ್ತಡದಲ್ಲೂ ಈ ಎರಡು ಬಗೆ ಇವೆ. ಗೇಟಿನಿಂದ ಬಂದದ್ದನ್ನು ಮಳೆ ಅಂತ ನಂಬಿಸುವುದಕ್ಕೆ ‘ಪಾಸಿಟಿವ್ ಮೈಂಡ್‌ಸೆಟ್’ ಬಳಕೆಯಾದರೆ ಅದು ಔಷಧಿ ಅಲ್ಲ, ಮೋಸ.

ಈ ಸೆಷನ್‌ಗಳಲ್ಲಿ ಎಪಿಕ್ಟೆಟಸ್ ಹೆಸರು ಬಂದೇ ಬರುತ್ತದೆ. ನಮ್ಮ ಕೈಯಲ್ಲಿರುವುದು ಯಾವುದು, ಇಲ್ಲದ್ದು ಯಾವುದು ಅಂತ ಬೇರ್ಪಡಿಸಿ, ಇಲ್ಲದ್ದರ ಚಿಂತೆ ಬಿಡಿ ಅಂತ ಕಲಿಸಿದ ತತ್ವಜ್ಞಾನಿ. ಒಳ್ಳೆಯ ಮಾತೇ. ಆದರೆ ಅವನು ರೋಮ್‌ನಲ್ಲಿ ಗುಲಾಮನಾಗಿದ್ದವನು ಅನ್ನೋದನ್ನು ಸ್ಲೈಡ್‌ನಲ್ಲಿ ಹಾಕುವುದಿಲ್ಲ. ಗುಲಾಮನ ಕೈಯಲ್ಲಿ ಮನಸ್ಸೊಂದೇ ಉಳಿದಿರುತ್ತದೆ, ಆದ್ದರಿಂದ ಅವನು ಗೆರೆಯನ್ನು ಅಲ್ಲಿ ಎಳೆದ. ಆಫರ್ ಲೆಟರ್, ನೋಟಿಸ್ ಪೀರಿಯಡ್, ಕಾರ್ಮಿಕ ಕಾನೂನು ಇರುವ ನಾವು ಗೆರೆಯನ್ನು ಅಲ್ಲೇ ಯಾಕೆ ಎಳೀಬೇಕು?

ನಮ್ಮ ಪಕ್ಕದ ನರಗುಂದ ಈ ಗೆರೆಯನ್ನು ಬೇರೆ ಕಡೆ ಎಳೆದ ಊರು. ಮಲಪ್ರಭೆ ಕಾಲುವೆ ಬಂದಮೇಲೆ ಸರ್ಕಾರ ಬೆಟರ್‌ಮೆಂಟ್ ಲೆವಿ ಅಂತ ಕರ ಹೇರಿತು. ನಿಮ್ಮ ಭೂಮಿ ಸುಧಾರಿಸಿದೆ, ಅದಕ್ಕೆ ದುಡ್ಡು ಕಟ್ಟಿ ಅಂತ. ನೀರು ಸರಿಯಾಗಿ ಮುಟ್ಟದ ಹೊಲದವರಿಗೂ ನೋಟಿಸ್ ಬಂತು. ಹೆಸರು ನೋಡಿ, ಬೆಟರ್‌ಮೆಂಟ್! ನಿನಗೆ ಒಳ್ಳೆಯದಾಗಿದೆ, ನಿನಗೆ ಗೊತ್ತಾಗುತ್ತಿಲ್ಲ ಅಷ್ಟೇ ಅನ್ನುವ ಧಾಟಿ ಹೊಸದೇನೂ ಅಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ನರಗುಂದದಲ್ಲಿ ಪೊಲೀಸರೂ ಪ್ರಾಣ ಕಳೆದುಕೊಂಡರು. ಆ ಪೊಲೀಸರೂ ದುಡಿಯಲು ಬಂದವರೇ ಅನ್ನೋದನ್ನು ಭಾಷಣಗಳಲ್ಲಿ ಮರೀತಾರೆ, ನಾನು ಮರೆಯಲಾರೆ. ಅಲ್ಲಿಂದ ಎದ್ದ ರೈತ ಚಳವಳಿ ರಾಜ್ಯಕ್ಕೆಲ್ಲ ಹಬ್ಬಿತು, 1983ರ ಚುನಾವಣೆಯಲ್ಲಿ ಗುಂಡೂರಾವ್ ಅವರ ಪಕ್ಷ ಸೋತಿತು. ರೈತರು ಮನಸ್ಸು ಗಟ್ಟಿ ಮಾಡಿಕೊಂಡು ಕರ ಕಟ್ಟಿದ್ದರೆ ಅವರ ಹೆಸರು ನಮಗೆ ಗೊತ್ತೇ ಇರುತ್ತಿರಲಿಲ್ಲ. ಆಫೀಸಿನ ವಿಷಯಕ್ಕೆ ಗೋಲಿಬಾರ್ ಯಾಕೆ ಎಳೆದು ತಂದೆ ಅಂತೀರಾ? ಅವರ ನೋವಿಗೂ ನಮ್ಮ ಡೆಡ್‌ಲೈನಿಗೂ ಹೋಲಿಕೆ ಇಲ್ಲ, ಒಪ್ಪಿದೆ. ಹೋಲಿಕೆ ಇರುವುದು ಆ ನೋಟಿಸಿನ ಭಾಷೆಯಲ್ಲಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಬಗ್ಗೆ ಒಂದು ವಿವರಣೆ ಕೊಟ್ಟಿತು. ಅದು ರೋಗವಲ್ಲ, ದುಡಿಮೆಗೆ ಸಂಬಂಧಪಟ್ಟ ವಿದ್ಯಮಾನ. ಕೆಲಸದ ಜಾಗದಲ್ಲಿ ಬಹುಕಾಲ ಇದ್ದ ಒತ್ತಡ ಸರಿಯಾಗಿ ನಿಭಾಯಿಸಲ್ಪಡದೇ ಹೋದಾಗ ಬರುವಂಥದ್ದು. ಶಕ್ತಿಯೆಲ್ಲ ಸೋರಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದು ಸಾಲದು ಅನಿಸುವುದು ಅದರ ಲಕ್ಷಣಗಳು. ನನಗೆ ಕುತೂಹಲ ಹುಟ್ಟಿಸಿದ್ದು ‘ನಿಭಾಯಿಸಲ್ಪಡದೇ’ ಅನ್ನೋ ಶಬ್ದ. ಯಾರಿಂದ? ವಾಕ್ಯದಲ್ಲಿ ಕರ್ತೃ ಇಲ್ಲ. ಕಂಪನಿಗಳು ಆ ಖಾಲಿ ಜಾಗದಲ್ಲಿ ನಮ್ಮ ಹೆಸರು ಬರೆದು, ಒಂದು ಮೆಡಿಟೇಷನ್ ಆ್ಯಪ್ ಕೊಟ್ಟು ಕೈ ತೊಳೆದುಕೊಂಡವು.

ಇಲ್ಲಿ ಒಂದು ಆಕ್ಷೇಪ ಇದೆ, ಅದನ್ನು ಹಗುರ ಮಾಡಲಾರೆ. ಗೇಟು ತೆಗೆಯುವವನು ಖಳನಾಯಕ ಅಲ್ಲ. ತೆಗೆಯದಿದ್ದರೆ ಆಣೆಕಟ್ಟಿಗೇ ಅಪಾಯ. ಇನ್ನು ಹೊಳೆಯ ಪಾತ್ರ ಕಿರಿದಾಗಿದ್ದಕ್ಕೆ ಅದರೊಳಗೇ ಬಿತ್ತಿ ಬೆಳೆದ ದಂಡೆಯ ಜನರೂ ಕಾರಣ. 2009ರ ನಂತರ ಸರ್ಕಾರ ‘ಆಸರೆ’ ಮನೆ ಕಟ್ಟಿಸಿತು, ಎಷ್ಟೋ ಜನ ಹೊಲ ದೂರ ಅಂತ ಹೋಗಲೇ ಇಲ್ಲ, ಹಳೇ ಮನೆಯಲ್ಲೇ ಉಳಿದರು. ಆಫೀಸಿನಲ್ಲೂ ಇದೇ ಕಥೆ. ಮ್ಯಾನೇಜರ್ ಮೇಲೆ ಇನ್ನೊಂದು ಗೇಟು, ಅದರ ಮೇಲೆ ಕ್ಲೈಂಟ್. ನಮ್ಮಲ್ಲೇ ಕೆಲವರು ಶನಿವಾರವೂ ಲಾಗಿನ್ ಆಗಿ ಪಕ್ಕದವರ ಶನಿವಾರವನ್ನೂ ತಿಂದುಹಾಕ್ತಾರೆ. ಆದ್ದರಿಂದ ಯಾವ ಒತ್ತಡ ಮಳೆ, ಯಾವುದು ಗೇಟು ಅಂತ ವಿಂಗಡಿಸುವುದು ಸುಲಭ ಅಲ್ಲ. ರಾತ್ರಿ ಸರ್ವರ್ ಕೆಟ್ಟಿತು, ಅದು ಮಳೆ. ತಿಂಗಳಿಗೆ ನಾಲ್ಕು ಸಲ ಕೆಡುತ್ತದೆ, ರಿಪೇರಿಗೆ ಯಾರೂ ಸಮಯ ಕೊಡುವುದಿಲ್ಲ ಅಂದರೆ ಅದೇ ಮಳೆ ಈಗ ಗೇಟು. ಅಪ್ಪನಿಗೆ ಹುಷಾರಿಲ್ಲ, ಅದು ಮಳೆ. ರಜೆ ಕೇಳಲು ಭಯ, ಅದು ಗೇಟು.

ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾನೂನಿಗೆ ತಿದ್ದುಪಡಿ ತಂದು ಐಟಿ ಕಂಪನಿಗಳಲ್ಲಿ ದಿನಕ್ಕೆ 14 ಗಂಟೆವರೆಗೂ ಕೆಲಸಕ್ಕೆ ದಾರಿ ಮಾಡುವ ಪ್ರಸ್ತಾಪ 2024ರ ಜುಲೈನಲ್ಲಿ ನಮ್ಮ ರಾಜ್ಯದಲ್ಲೇ ಸುದ್ದಿಯಾಗಿತ್ತು, ನೆನಪಿದೆಯಾ? ಐಟಿ ನೌಕರರ ಸಂಘ ಬೀದಿಗಿಳಿಯಿತು. ಅದಕ್ಕೂ ಮೊದಲು, 2023ರ ಅಕ್ಟೋಬರಿನಲ್ಲಿ, ನಾರಾಯಣಮೂರ್ತಿಯವರು ವಾರಕ್ಕೆ 70 ಗಂಟೆಯ ಮಾತಾಡಿದ್ದರು. ಆಗ ಬಹಳ ಜನ ‘ಕಾಯಕ’ದ ಹೆಸರು ತೆಗೆದರು. ಆ ಶಬ್ದ ತಂದವರ ಕಥೆ ಪೂರ್ತಿ ಓದಿದರೆ ಚೆನ್ನಾಗಿರುತ್ತಿತ್ತು. ಹನ್ನೆರಡನೇ ಶತಮಾನದ ಆಯ್ದಕ್ಕಿ ಮಾರಯ್ಯ, ಬಸವಣ್ಣನ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದವನು. ಒಂದು ದಿನ ಹೆಚ್ಚಿಗೆ ತಂದ. ಹೆಂಡತಿ ಲಕ್ಕಮ್ಮ ಭೇಷ್ ಅನ್ನಲಿಲ್ಲ. ಇಷ್ಟು ಯಾಕೆ ಅಂತ ಕೇಳಿ, ಹೆಚ್ಚಾದದ್ದನ್ನು ವಾಪಸ್ ಸುರಿದು ಬಾ ಅಂತ ಕಳಿಸಿದಳು. ಕಾಯಕದ ಒಳಗೇ ‘ಸಾಕು’ ಅನ್ನೋದೂ ಇತ್ತು. ನಮ್ಮ ಪೋಸ್ಟರ್‌ಗಳಲ್ಲಿ ಮಾರಯ್ಯ ಮಾತ್ರ ಉಳಿದ, ಲಕ್ಕಮ್ಮನನ್ನು ಬಿಟ್ಟರು.

ನಾನು ಧ್ಯಾನ ಬಿಟ್ಟಿಲ್ಲ. ಬೆಳಗ್ಗೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುತ್ತೇನೆ, ಸಂಜೆ ಕೆರೆ ಏರಿ ಮೇಲೆ ನಡೆಯುತ್ತೇನೆ. ಗೇಟಿನ ಮುಂದೆ ನಿಂತು ಮಾತಾಡಲಿಕ್ಕೂ ಉಸಿರು ಸಮ ಇರಬೇಕಲ್ಲ. ಕಾಕಾ ಕೂಡ ಮೊದಲು ಚೀಲ ಏರಿಸಿ ಆಮೇಲೆ ಕಚೇರಿಗೆ ಹೋದವನು. ಎಲ್ಲದಕ್ಕೂ ಸಿಟ್ಟಾಗುವವನು ಗೇಟು ಯಾವುದು ಅಂತ ಗುರುತಿಸಲಾರ.

ಈ ವರ್ಷ ನಮ್ಮ ತಂಡದಿಂದ ಇಬ್ಬರು ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಉಳಿದ ನಾಲ್ವರು ಊಟದ ಹೊತ್ತಿನಲ್ಲಿ ಕೂತು, ಯಾರ ಹತ್ತಿರ ಏನೇನು ಕೆಲಸ ಇದೆ, ಎಷ್ಟು ಗಂಟೆ ಬೇಕು ಅಂತ ಒಂದೇ ಶೀಟಿನಲ್ಲಿ ಬರೆದೆವು. ಸಿಟ್ಟಿನ ಶಬ್ದ ಒಂದೂ ಇರಲಿಲ್ಲ. ನಾಲ್ವರೂ ಒಟ್ಟಿಗೆ ಹೋಗಿ ಮ್ಯಾನೇಜರ್ ಮುಂದೆ ಇಟ್ಟು, “ಸರ್, ಇದರಲ್ಲಿ ಎರಡು ಬಿಡಬೇಕು, ಯಾವುದು ಅಂತ ನೀವೇ ಹೇಳಿ” ಅಂದೆವು. ಅವರು ಬಹಳ ಹೊತ್ತು ಶೀಟ್ ನೋಡಿದರು. ಅವರಿಗೂ ಆ ಮೊತ್ತ ಅಲ್ಲಿಯವರೆಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಒಂದನ್ನು ಅಲ್ಲೇ ತೆಗೆದರು. ಇನ್ನೊಂದನ್ನು ಮುಂದಿನ ತಿಂಗಳು ನೋಡೋಣ ಅಂದರು. ಮುಂದಿನ ತಿಂಗಳು ಬಂದಿದೆ, ಸೋಮವಾರ ಮತ್ತೆ ಹೋಗುವವರಿದ್ದೇವೆ.